ಮುಂದಿನ ಚೆಂಡು

ಬೇಸ್‌ಬಾಲನ್ನು ನೀವು ಸಿನಿಮಾದಲ್ಲೋ ಟಿವಿಯಲ್ಲೋ ನೋಡಿರಬಹುದು, ಆಡಿರಲಿಕ್ಕಿಲ್ಲ. ಚಿಂತೆಯಿಲ್ಲ, ಕುತೂಹಲವಿದ್ದರೆ ಸಾಕು. ಮುಂಬಯಿಯ ಜೋಗೇಶ್ವರಿಯ ಒಂದು ಸಣ್ಣ ಬಯಲಿನಲ್ಲಿ, ಲೋಕಲ್ ರೈಲಿನ ಸದ್ದಿನ ನಡುವೆ, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ನಾನು ಈ ಆಟ ಕಲಿಸುತ್ತೇನೆ. ಹೊಸಬರ ಕೈಗೆ ಬ್ಯಾಟು ಕೊಡುವ ಮೊದಲು ಸೋಲಿನ ಲೆಕ್ಕ ಹೇಳಿಕೊಡುತ್ತೇನೆ.

ಚೆಂಡು ಎಸೆಯುವವನಿಗೆ ಪಿಚರ್ ಎಂದು ಹೆಸರು. ಅವನು ನಿಲ್ಲುವ ದಿಬ್ಬದಿಂದ ನೀವು ನಿಲ್ಲುವ ಹೋಮ್ ಪ್ಲೇಟಿಗೆ 18.44 ಮೀಟರ್. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಅರ್ಧ ಸೆಕೆಂಡು ಮುಗಿಯುವ ಮೊದಲೇ ನಿಮ್ಮನ್ನು ದಾಟಿರುತ್ತದೆ. ಬ್ಯಾಟು ಬೇರೆ ದುಂಡಗಿನದು. ಬೀಸಿಯೂ ತಾಗದಿದ್ದರೆ, ಅಥವಾ ಹೊಡೆಯಬೇಕಾದ ಎತ್ತರದಲ್ಲಿ ಪ್ಲೇಟಿನ ಮೇಲೆ ಬಂದ ಚೆಂಡನ್ನು ಬಿಟ್ಟುಬಿಟ್ಟರೆ, ಅದು ಸ್ಟ್ರೈಕ್. ಮೂರು ಸ್ಟ್ರೈಕಾದರೆ ಔಟ್. ಹಾಗಾಗಿ 10 ಸಲದಲ್ಲಿ 3 ಸಲ ಸರಿಯಾಗಿ ಹೊಡೆದವನನ್ನು ಬಹಳ ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. 1941ರಲ್ಲಿ ಟೆಡ್ ವಿಲಿಯಮ್ಸ್ ಗಳಿಸಿದ ಸರಾಸರಿ .406 ಇಂದಿಗೂ ಜನರ ಬಾಯಲ್ಲಿದೆ. ಅಂದರೆ ಆ ವರ್ಷವೂ ಅವರು 10ರಲ್ಲಿ ಸುಮಾರು 6 ಸಲ ಸೋತವರೇ.

ಸಾಲದ್ದಕ್ಕೆ ಸ್ಕೋರ್‌ಬೋರ್ಡಿನಲ್ಲಿ ರನ್ ಮತ್ತು ಹಿಟ್‌ಗಳ ಪಕ್ಕದಲ್ಲೇ ಎರರ್ ಎಂಬ ಮೂರನೆಯ ಅಂಕಣವಿರುತ್ತದೆ. ಸುಲಭದ ಚೆಂಡನ್ನು ಕೈಚೆಲ್ಲಿದರೆ ಎಲ್ಲರಿಗೂ ಕಾಣುವಂತೆ ಅಲ್ಲಿ ಬರೆಯುತ್ತಾರೆ. ಇದು ಕ್ರೌರ್ಯವೆಂದು ನನಗೆ ಅನ್ನಿಸುವುದಿಲ್ಲ. ತಪ್ಪು ಬೋರ್ಡಿನ ಮೇಲೆ ಇದೆಯಲ್ಲ, ಇನ್ನು ಅದನ್ನು ತಲೆಯಲ್ಲಿ ಹೊತ್ತು ತಿರುಗಬೇಕಾಗಿಲ್ಲ.

ಕ್ರಿಕೆಟ್‌ನಲ್ಲಿ ಔಟಾದರೆ ಆ ಇನ್ನಿಂಗ್ಸ್ ನಿಮಗೆ ಮುಗಿಯಿತು. ಇಲ್ಲಿ ಒಂದೇ ಪಂದ್ಯದಲ್ಲಿ ಸುಮಾರು ನಾಲ್ಕು ಸಲ ನಿಮ್ಮ ಸರದಿ ಬರುತ್ತದೆ. ಮೊದಲ ಸಲದ ಸಿಟ್ಟನ್ನು ಎರಡನೆಯ ಸಲಕ್ಕೆ ಹೊತ್ತು ತಂದರೆ ಕಣ್ಣು ಚೆಂಡಿನ ಮೇಲೆ ನಿಲ್ಲುವುದಿಲ್ಲ. ಮನಸ್ಸಿನ ಗಟ್ಟಿತನ ಎಂದು ನಾನು ಕರೆಯುವುದು ಎರಡು ಚೆಂಡುಗಳ ನಡುವಿನ ಆ ಕೆಲವು ಸೆಕೆಂಡುಗಳ ಕೆಲಸವನ್ನು.

ನಮ್ಮಲ್ಲಿ 12 ವರ್ಷದ ಹುಡುಗಿಯೊಬ್ಬಳಿದ್ದಾಳೆ. ಮೊದಮೊದಲು ಸ್ಟ್ರೈಕಾದರೆ ಅಳು ನುಂಗಿಕೊಂಡು ಮುಂದಿನ ಚೆಂಡಿಗೆ ಕಣ್ಣುಮುಚ್ಚಿ ಬೀಸುತ್ತಿದ್ದಳು. ಈಗ ಒಂದು ಹೆಜ್ಜೆ ಆಚೆ ಬರುತ್ತಾಳೆ. ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಎಡಗೈ ಗ್ಲೌಸಿನ ಪಟ್ಟಿಯನ್ನು ಚರ್ರನೆ ಬಿಚ್ಚುತ್ತಾಳೆ. ಬ್ಯಾಟಿನ ಮೇಲಿನ ಅಚ್ಚನ್ನೇ ನೋಡುತ್ತಾ ಉಸಿರನ್ನು ಉದ್ದಕ್ಕೆ ಬಿಡುತ್ತಾಳೆ. ಆಮೇಲೆ ಪಟ್ಟಿ ಬಿಗಿದು ಒಳಗೆ ಬರುತ್ತಾಳೆ. ಬಿಚ್ಚಿದಾಗ ಹಿಂದಿನ ಚೆಂಡು ಮುಗಿಯಿತು, ಬಿಗಿದಾಗ ಮುಂದಿನದು ಶುರುವಾಯಿತು. ಇದನ್ನು ಅವಳು ಕಲಿಯಲು ಎರಡು ತಿಂಗಳು ಹಿಡಿಯಿತು. ನಿಮಗೂ ಹಿಡಿಯಬಹುದು, ಅವಸರ ಬೇಡ.

ಮುಂಬಯಿಯ ಮೈದಾನಗಳಲ್ಲಿ ‘ಖಡೂಸ್’ ಎಂಬ ಮಾತಿದೆ: ಸುಲಭಕ್ಕೆ ಜಗ್ಗದವನು, ಬಿಟ್ಟುಕೊಡದವನು. ಮುಖ ಗಂಟಿಕ್ಕಿಕೊಂಡರೆ ಖಡೂಸ್ ಆದೆವೆಂದು ಮಕ್ಕಳು ತಿಳಿಯುತ್ತಾರೆ. ಅವರಿಗೆ ನಾನು ಮೂಲ್ಕಿಯಲ್ಲಿ ಹುಟ್ಟಿ ಈ ಊರಿನಲ್ಲಿ ಬೆಳೆದ ಕ್ರಿಕೆಟಿಗ ಬುಧಿ ಕುಂದರನ್ ಅವರ ಕಥೆ ಹೇಳುತ್ತೇನೆ. 1960ರ ಜನವರಿಯಲ್ಲಿ ಬ್ರೆಬೋರ್ನ್ ಸ್ಟೇಡಿಯಮ್ಮಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಅವರ ಮೊದಲ ಟೆಸ್ಟ್. ಮನೆ ಇಕ್ಕಟ್ಟಾದ್ದರಿಂದ ಹಿಂದಿನ ರಾತ್ರಿ ಮಲಗಿದ್ದು ಉದ್ಯಾನದಲ್ಲಿ. ಕೀಪಿಂಗ್ ಗ್ಲೌಸು ನರೇನ್ ತಮ್ಹಾಣೆ ಅವರಿಂದ ಎರವಲು ತಂದದ್ದು. ಬೆಳಗಾದಾಗ ನೋಡಬೇಕಾದದ್ದು ಮುಂದೆ ಬರುವ ಚೆಂಡೊಂದೇ. ನಾಲ್ಕು ವರ್ಷಗಳ ಮೇಲೆ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಅವರು 192 ರನ್ ಹೊಡೆದರು.

ಈಗ ಶುರುಮಾಡಿದರೆ ತಡವಾಯಿತೇ ಎಂದು ನೀವು ಕೇಳಬಹುದು. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಜಾವೆಲಿನ್ ಎಸೆಯುತ್ತಿದ್ದ ಹುಡುಗರು. 2008ರ ‘ಮಿಲಿಯನ್ ಡಾಲರ್ ಆರ್ಮ್’ ಸ್ಪರ್ಧೆಗೆ ಮೊದಲು ಬೇಸ್‌ಬಾಲ್ ಆಡಿದವರಲ್ಲ. ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರನ್ನೂ ಸೇರಿಸಿಕೊಂಡಿತು.

ಭಾನುವಾರ ಬನ್ನಿ. ಬ್ಯಾಟು ಹಿಡಿದು ನಿಲ್ಲಿ, ಮೊದಲ 20 ಚೆಂಡಿಗೆ ಬೀಸಬೇಡಿ. ಪಿಚರ್‌ನ ಕೈಯಿಂದ ಹೊರಟಲ್ಲಿಂದ ನಿಮ್ಮ ಹಿಂದೆ ಕೂತ ಕ್ಯಾಚರ್‌ನ ಗ್ಲೌಸಿಗೆ ಬೀಳುವವರೆಗೆ ಪ್ರತಿ ಚೆಂಡನ್ನೂ ಕಣ್ಣಲ್ಲೇ ಹಿಂಬಾಲಿಸಿ. ಒಂದೊಂದಕ್ಕೂ ಒಂದು ಉಸಿರು ಬಿಡಿ. ಇಪ್ಪತ್ತೊಂದನೆಯದಕ್ಕೆ ಬೀಸಿ. ತಾಗದಿದ್ದರೆ ಒಂದು ಹೆಜ್ಜೆ ಆಚೆ ಬನ್ನಿ.