ಮಕ್ಕಳ ಮಾತಿನಲ್ಲಿ ರೂಪಕ

ಸೇಡಂ ತಾಲ್ಲೂಕಿನ ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ 'ಕವಿರಾಜಮಾರ್ಗ'ವು ರೂಪಕವೇ ಮೊದಲಾದ ಅಲಂಕಾರಗಳನ್ನು ನಿರೂಪಿಸುತ್ತದೆ. ಕ್ರಮವಾಗಿ ಓದು ಕಲಿಯದ ಕನ್ನಡಿಗರೂ ಕವಿತೆಯ ಮರ್ಮವನ್ನು ಬಲ್ಲವರೆಂದು ಆ ಗ್ರಂಥವು ಕೊಂಡಾಡಿದೆ. ಅಕ್ಷರವರಿಯದ ಎಳೆಯ ಮಕ್ಕಳ ಮಾತನ್ನು ಆಲಿಸಿದವರಿಗೆ ಈ ಹೊಗಳಿಕೆಯ ನಿಜ ತಿಳಿಯದಿರದು.

ಒಂದೂವರೆ ವರ್ಷದ ಕೂಸು ದುಂಡಗಿನ ವಸ್ತುಗಳನ್ನೆಲ್ಲ 'ಚೆಂಡು' ಎನ್ನಬಹುದು. ಅದು ರೂಪಕವಲ್ಲ, ಬೇರೆ ಹೆಸರುಗಳನ್ನು ಕೂಸು ಇನ್ನೂ ಅರಿತಿಲ್ಲವಷ್ಟೆ. ಆದರೆ ಮೂರು ವರ್ಷದ ಮಗು ಶಹಾಬಾದಿ ಪರಸಿಯ ಚೂರುಗಳನ್ನು ಅಂಗಳದಲ್ಲಿ ಸಾಲಾಗಿ ಜೋಡಿಸಿ, ವಾಡಿ ಜಂಕ್ಷನ್ನಿನಲ್ಲಿ ಕಂಡ ಗಾಡಿಯನ್ನು ನೆನೆದು, 'ಇದು ರೈಲು' ಎಂದರೆ ಸಂಗತಿ ಬೇರೆ. ಅದು ಕಲ್ಲೆಂಬುದನ್ನು ಮಗು ಬಲ್ಲದು. ತಿಳಿದೂ ಮತ್ತೊಂದು ಹೆಸರಿಡುವುದೇ ರೂಪಕದ ಮೊಳಕೆ. ಆಟದಲ್ಲಿ ಮೂಡಿದ ಈ ಶಕ್ತಿಯು ಕ್ರಮೇಣ ಆಟವನ್ನು ಮೀರಿ ಬೆಳೆಯುತ್ತದೆ. ಹುಣ್ಣಿಮೆಯ ರಾತ್ರಿ 'ಚಂದಪ್ಪ ರೊಟ್ಟಿ ಆಗ್ಯಾನ' ಎನ್ನುವ ಮಗುವು ಆಕಾರದ ಸಾಮ್ಯವನ್ನು ಗುರುತಿಸಿರುತ್ತದೆ.

ಕಣ್ಣಿಗೆ ಕಾಣುವ ಸಾಮ್ಯಕ್ಕಿಂತ ಗುಣದ ಸಾಮ್ಯವು ಕಠಿನ. ಅಮೆರಿಕೆಯ ಸಾಲೊಮನ್ ಆಶ್ ಮತ್ತು ಹ್ಯಾರಿಯೆಟ್ ನರ್ಲೋವ್ ಅವರು 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 3–4 ವರ್ಷದ ಮಕ್ಕಳು 'ಸಿಹಿ', 'ಗಟ್ಟಿ' ಎಂಬಂಥ ಶಬ್ದಗಳನ್ನು ವಸ್ತುಗಳಿಗೆ ಮಾತ್ರ ಅನ್ವಯಿಸಿದರು. 7–8 ವರ್ಷದವರು ಕೆಲವನ್ನು ಮನುಷ್ಯರಿಗೂ ಒಪ್ಪಿದರು. ಎರಡು ಅರ್ಥಗಳ ಸಂಬಂಧವನ್ನು ವಿವರಿಸುವ ಸಾಮರ್ಥ್ಯವು ಇನ್ನೂ ದೊಡ್ಡವರಲ್ಲಿ ಕಂಡುಬಂದಿತು. ಶಹಾಬಾದಿನ ಮಗುವಿಗೆ ಕಲ್ಲಿನ ಗಡಸುತನ ಅಂಗಾಲಿಗೇ ಗೊತ್ತು. ಆದರೂ 'ಕಲ್ಲೆದೆ'ಯ ಅರ್ಥ ತಿಳಿಯಲು ವರ್ಷಗಳು ಬೇಕು. 'ಹೊಟ್ಟೆಕಿಚ್ಚು' ಎಂದೊಡನೆ ಅದು ಬೆಂಕಿಯನ್ನೇ ಹುಡುಕೀತು. ಪರಿಚಿತ ಸಂದರ್ಭದೊಳಗೆ, ಕಥೆಯ ಮೂಲಕ ಬಂದರೆ ಎಳೆಯರೂ ಹೆಚ್ಚು ಗ್ರಹಿಸುವರೆಂಬುದನ್ನು ಅನಂತರದ ಸಂಶೋಧನೆಗಳು ತೋರಿಸಿವೆ.

ಇಲ್ಲಿಯೇ ಶಿಕ್ಷಕರ ಹೊಣೆಯಿದೆ. ಪ್ರಾಥಮಿಕ ಶಾಲೆಯ ವರ್ಷಗಳಲ್ಲಿ ಅನೇಕ ಮಕ್ಕಳ ಸ್ವಂತ ರೂಪಕಗಳು ವಿರಳವಾಗುತ್ತವೆ. ಶಬ್ದದ ನೇರ ಅರ್ಥಕ್ಕೆ ಅಂಟಿಕೊಳ್ಳುವುದು ಆ ವಯಸ್ಸಿನ ಬೆಳವಣಿಗೆಯ ಒಂದು ಹಂತವೂ ಹೌದು. ಆದರೆ ಅದಕ್ಕೆ ತರಗತಿಯ ನಗೆಯೂ ಕೆಂಪು ಗೆರೆಯೂ ಸೇರಿದರೆ ಮಗು ಬಾಯಿ ತೆರೆಯಲೇ ಅಂಜುತ್ತದೆ. ಚಿಂಚೋಳಿಯ ತಾಂಡಾಗಳಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ. ಕನ್ನಡದ ನುಡಿಗಟ್ಟಿಗೆ ಅವರು ನೇರ ಅರ್ಥ ಹೇಳಿದರೆ ಅದು ದಡ್ಡತನವಲ್ಲ. ಆ ನುಡಿಗಟ್ಟು ಅವರ ಕಿವಿಗೆ ಹೊಸದು. 'ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ?' ಎಂದು ಕೇಳಿದರೆ ಆ ಮಗುವಿನ ಸಂಪತ್ತೂ ಹೊರಬರುತ್ತದೆ.

ಇದಕ್ಕೆ ಬೇರೆ ಸಲಕರಣೆ ಬೇಕಿಲ್ಲ. ಒಗಟು ಎಂಬುದು ಹೆಸರನ್ನು ಬಚ್ಚಿಟ್ಟ ರೂಪಕವೇ. ಹೂಬಿಟ್ಟ ತೊಗರಿ ಹೊಲ ಏನನ್ನು ಹೋಲುತ್ತದೆಂದು ಚಿತ್ತಾಪುರದ ಮಕ್ಕಳನ್ನು ಕೇಳಬಹುದು. ಉತ್ತರ ವಿಚಿತ್ರವೆನಿಸಿದರೆ 'ತಪ್ಪು' ಎನ್ನುವ ಮೊದಲು 'ಹೇಗೆ?' ಎಂದು ವಿಚಾರಿಸುವುದು ಲೇಸು. ಆ ಒಂದು ಪ್ರಶ್ನೆಯು ಮಗುವನ್ನು ತನ್ನ ಮಾತಿನ ಕಾರಣವನ್ನು ತಾನೇ ಕಂಡುಕೊಳ್ಳುವಂತೆ ಮಾಡುತ್ತದೆ.