ಮಳೆ ಇಲ್ಲವೆಂದು ಹೊಳೆ ನಂಬಬೇಡಿ

ಗುರುಗುಂಟಾ ಸುತ್ತಲಿನ ನಮ್ಮವರಿಗೊಂದು ಮಾತು. ಮೇಲೆ ಬಿರುಬಿಸಿಲು, ಹೊಲದಲ್ಲಿ ಧೂಳು, ಇನ್ನು ಪ್ರವಾಹ ಎಲ್ಲಿಂದ ಬಂದೀತು ಎಂದು ಸುಮ್ಮನಿರುತ್ತೀರಲ್ಲ, ಅಲ್ಲೇ ತಪ್ಪುವುದು. ಕೃಷ್ಣೆಗೆ ನೀರು ಬರುವುದು ಮಹಾರಾಷ್ಟ್ರದ ಘಟ್ಟಗಳಿಂದ. ಅಲ್ಲಿ ಮಳೆ ಸುರಿದರೆ ಆಲಮಟ್ಟಿ ಜಲಾಶಯ ತುಂಬುತ್ತದೆ, ನಾರಾಯಣಪುರದ ಬಸವಸಾಗರ ಜಲಾಶಯದ ಗೇಟು ತೆರೆಯುತ್ತದೆ, ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯವರ ದಾರಿ ಕಟ್ಟಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕಂಡಿದ್ದೇವಲ್ಲ.

ಹೊಳೆ ಬರುತ್ತದೆಂದು ಡಂಗುರ ಕೇಳಿದ ದಿನವೇ ಊರು ಬಿಟ್ಟು ಹೊರಡಿ. ಬಸುರಿಯರು, ವಯಸ್ಸಾದವರು, ಕಾಯಿಲೆಯವರು ಮೊದಲು. ಸೇತುವೆ ಮುಳುಗಿದ ಮೇಲೆ ಹೆರಿಗೆ ನೋವು ಬಂದರೆ ಯಾರನ್ನು ಕೂಗುತ್ತೀರಿ? ಆಧಾರ್, ಪಹಣಿ, ಪಾಸ್‌ಬುಕ್, ದಿನದ ಮಾತ್ರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿದು ಬಾಗಿಲ ಹತ್ತಿರ ತೂಗುಹಾಕಿ.

ದನಕರುಗಳನ್ನು ಬಿಟ್ಟು ಬರಲು ಕರುಳು ಒಪ್ಪುವುದಿಲ್ಲ, ಗೊತ್ತು. ಅದಕ್ಕೇ ಅವುಗಳನ್ನು ಮೊದಲೇ ಎತ್ತರಕ್ಕೆ ಹೊಡೆದುಬಿಡಿ. ಆಗದಿದ್ದರೆ ಕಣ್ಣಿಯನ್ನಾದರೂ ಬಿಚ್ಚಿ. ಕಟ್ಟಿದ ಎತ್ತು ಗೂಟದಲ್ಲೇ ಮುಳುಗುತ್ತದೆ, ಬಿಟ್ಟ ಎತ್ತು ದಂಡೆ ಹುಡುಕುತ್ತದೆ.

ಪಂಪ್‌ಸೆಟ್ ತರುತ್ತೇನೆಂದು ತುಂಬಿದ ಹೊಳೆಗೆ ಇಳಿಯಬೇಡಿ. ಮುಳುಗಿದ ಸೇತುವೆಯ ಮೇಲೆ ಬೈಕ್ ಓಡಿಸುವ ಹುಡುಗರೇ, ಮೊಣಕಾಲುದ್ದದ ಸೆಳವೂ ಗಾಡಿ ಸಮೇತ ಎಳೆದೊಯ್ಯುತ್ತದೆ. ಕೆಂಪು ನೀರಿನಡಿ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಕಾಣುವುದಿಲ್ಲ. ಸಿಕ್ಕಿಬಿದ್ದರೆ 112ಕ್ಕೆ ಫೋನ್ ಮಾಡಿ. ಕರೆಂಟ್ ಹೋಗುವ ಮೊದಲೇ ಮೊಬೈಲ್ ಚಾರ್ಜ್ ಮಾಡಿಟ್ಟುಕೊಳ್ಳಿ.