ಗಾಲಿಯ ನಟ್ಟು ಬಿಚ್ಚುವುದು: ಗೀರು ಬೀಳದ ಹಾಗೆ, ಸೀಟು ಕೆಡದ ಹಾಗೆ

ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡಿದರೆ ಜಮಖಂಡಿ, ಮುಧೋಳ, ಬನಹಟ್ಟಿ ಕಡೆಯ ರಸ್ತೆಗಳಲ್ಲಿ ಹಗಲೂ ರಾತ್ರಿ ಕಬ್ಬಿನ ಗಾಡಿಗಳದೇ ಸಾಲು. ಗಾಲಿ ಪಂಚರ್ ಆಗುವುದೂ ಆಗಲೇ. ರಾತ್ರಿ ಹನ್ನೆರಡಕ್ಕೆ ಪಂಚರ್ ಅಂಗಡಿಯವ ಎಲ್ಲಿ ಸಿಗಬೇಕು? ನಾವೇ ಬಿಚ್ಚಬೇಕು. ಈಗ ಎಷ್ಟೋ ರೈತರ ಮನೆ ಮುಂದೆ ಟ್ರ್ಯಾಕ್ಟರಿನ ಪಕ್ಕ ಸೆಕೆಂಡ್ ಹ್ಯಾಂಡ್ ಕಾರೊಂದು ನಿಂತಿರುತ್ತದೆ. ಅದರ ಗಾಲಿಯೂ ಒಂದಿಲ್ಲೊಂದು ದಿನ ನಮ್ಮ ಕೈಗೇ ಬರುತ್ತದೆ.

ಕಾರಿನ ಹೊಳೆಯುವ ಗಾಲಿಗೆ ಪಾನಾ ಜಾರಿ ಗೀರು ಬಿದ್ದರೆ ಮನೆಮಂದಿ ಎಲ್ಲ ಬಂದು ನೋಡುತ್ತಾರೆ. ಅದೇ ಪಾನಾ ಜಾರಿದಾಗ ನಟ್ಟಿನ ಮೂಲೆ ಸವೆದದ್ದನ್ನು, ನಟ್ಟು ಕೂರುವ ಜಾಗ ಕೆಟ್ಟದ್ದನ್ನು ಯಾರೂ ನೋಡುವುದಿಲ್ಲ. ಮೇಲಿನ ಗೀರು ಅಂದಕ್ಕೆ ಕೇಡು. ಒಳಗಿನ ಗೀರು ಜೀವಕ್ಕೆ ಕೇಡು. ಎರಡನ್ನೂ ತಪ್ಪಿಸುವ ದಾರಿ ಒಂದೇ. ನಾನು ನನ್ನ ಕಾರಿಗೂ ಟ್ರೇಲರಿಗೂ ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಗಾಲಿ ನಿಲ್ಲುವುದು ಬಿಗಿತದಿಂದ

ಗಾಲಿಯ ಭಾರವನ್ನೆಲ್ಲ ಬೋಲ್ಟುಗಳು ಹೊರುತ್ತವೆ ಎಂದು ನಮ್ಮಲ್ಲಿ ಅನೇಕರ ತಿಳುವಳಿಕೆ. ಹಾಗಲ್ಲ. ನಟ್ಟುಗಳು ರಿಮ್ಮನ್ನು ಹಬ್ಬಿಗೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತವೆ. ಆ ಒತ್ತಡದಿಂದ ಎರಡರ ನಡುವೆ ಹುಟ್ಟುವ ತಿಕ್ಕಾಟವೇ ಗಾಲಿಯನ್ನು ಅಲುಗಾಡದಂತೆ ಹಿಡಿದಿರುತ್ತದೆ. ನಟ್ಟು ಸಡಿಲಾದರೆ ರಿಮ್ಮು ಅಲುಗುತ್ತದೆ, ತೂತು ಅಗಲವಾಗುತ್ತದೆ, ಬೋಲ್ಟು ಒಂದೊಂದಾಗಿ ಕಡಿಯುತ್ತದೆ. ಕೊನೆಗೆ ಗಾಲಿಯೇ ಕಳಚಿ ಹೋಗುತ್ತದೆ.

ಬಹಳಷ್ಟು ನಟ್ಟುಗಳ ಒಳಮುಖ ಇಳಿಜಾರಾಗಿರುತ್ತದೆ. ರಿಮ್ಮಿನ ತೂತಿನಲ್ಲೂ ಅದಕ್ಕೆ ಸರಿಹೊಂದುವ ಇಳಿಜಾರು ಇರುತ್ತದೆ. ಇದಕ್ಕೆ ಸೀಟು ಅನ್ನುತ್ತಾರೆ. ನಟ್ಟು ಇದರಲ್ಲಿ ಕೂತಾಗಲೇ ಗಾಲಿ ನಡುಮಧ್ಯಕ್ಕೆ ಬಂದು ನಿಲ್ಲುವುದು. ಕೆಲವು ಗಾಡಿಗಳಲ್ಲಿ ಸೀಟು ಗುಂಡಗೆ ಅಥವಾ ಚಪ್ಪಟೆ ಇರುತ್ತದೆ. ಆದ್ದರಿಂದ ಒಂದು ಗಾಡಿಯ ನಟ್ಟು ಇನ್ನೊಂದಕ್ಕೆ ಹತ್ತಿತು ಎಂದು ಹಾಕಬಾರದು. ಎಳೆ ಕೂಡಿದರೆ ಸಾಲದು, ಸೀಟೂ ಕೂಡಬೇಕು.

ಪಾನಾ ಸರಿ ಇದ್ದರೆ ಅರ್ಧ ಕೆಲಸ ಆದಂತೆ

ಪಾನಾ ಜಾರುವುದು ಶಕ್ತಿ ಸಾಲದ್ದಕ್ಕಲ್ಲ, ಅಳತೆ ತಪ್ಪಿದ್ದಕ್ಕೆ. ಆರು ಮೂಲೆಯ ಬಾಕ್ಸ್ ಪಾನಾ ತೆಗೆದುಕೊಳ್ಳಿ. ಹನ್ನೆರಡು ಮೂಲೆಯದು ನಟ್ಟಿನ ತುದಿಯನ್ನಷ್ಟೇ ಹಿಡಿಯುತ್ತದೆ, ಹಳೆಯ ನಟ್ಟಿಗೆ ಜಾರುತ್ತದೆ. ಆರು ಮೂಲೆಯದು ನಟ್ಟಿನ ಮೈಗೆ ಕೂರುತ್ತದೆ. ಅಳತೆ 19ಕ್ಕೆ 19, 21ಕ್ಕೆ 21 ಸರಿಯಾಗಿ ಇರಬೇಕು. "ಸ್ವಲ್ಪ ಸಡ್ಲ ಐತಿ, ನಡೀತೈತಿ" ಅಂದರೆ ನಡೆಯುವುದಿಲ್ಲ. ಅಡ್ಜಸ್ಟ್ ಪಾನಾ, ಪೈಪ್ ಪಾನಾ ಇವುಗಳನ್ನು ಗಾಲಿಯ ಹತ್ತಿರವೂ ತರಬೇಡಿ.

ಅಲಾಯ್ ಗಾಲಿಯಲ್ಲಿ ನಟ್ಟು ಒಂದು ಸಣ್ಣ ಗುಣಿಯೊಳಗೆ ಇರುತ್ತದೆ. ಇಲ್ಲಿ ದಪ್ಪ ಗೋಡೆಯ ಪಾನಾ ಗುಣಿಯ ಗೋಡೆಗೆ ತಿಕ್ಕುತ್ತದೆ. ಗೀರು ಬೀಳುವುದು ಹೆಚ್ಚಾಗಿ ಹೀಗೆಯೇ. ತೆಳು ಗೋಡೆಯ ಉದ್ದ ಬಾಕ್ಸ್ ಬೇಕು. ಅದರ ಹೊರಮೈಗೆ ಕರೆಂಟಿನ ಟೇಪನ್ನು ಒಂದು ಸುತ್ತು ಅಂಟಿಸಿ. ಜಾಗ ಇದ್ದರೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಬಿಗಿಯಾಗಿ ಏರಿಸಬಹುದು. ಟ್ಯೂಬು ಬಾಕ್ಸಿನ ಬಾಯಿಯಿಂದ ಹೊರಗೆ ಬರದಂತೆ ನೋಡಿಕೊಳ್ಳಿ. ಬಂದರೆ ನಟ್ಟಿನ ಸೀಟಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಪಂಚರ್ ಅಂಗಡಿಯ ಹವಾ ಗನ್ನಿನ ಬಾಕ್ಸು ಸಾಮಾನ್ಯವಾಗಿ ದಪ್ಪ ಗೋಡೆಯದು. ಅಲಾಯ್ ಗಾಲಿ ಇದ್ದವರು "ಕೈಲೆ ಬಿಚ್ರಿ ಅಣ್ಣಾ" ಅಂತ ಮೊದಲೇ ಹೇಳುವುದು ಒಳ್ಳೆಯದು.

ಬಿಚ್ಚುವ ಕ್ರಮ

1. ಗಾಡಿ ಗಟ್ಟಿ, ಸಮ ನೆಲದ ಮೇಲೆ ಇರಲಿ. ಹ್ಯಾಂಡ್ ಬ್ರೇಕ್ ಎಳೆದು ಗೇರಿನಲ್ಲಿ ಇಡಿ. ಬೇರೆ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಬಹಳ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಅದಕ್ಕೆ ಟ್ರ್ಯಾಕ್ಟರಿನಿಂದ ಬಿಚ್ಚದೆ ಹಾಗೆಯೇ ಜೋಡಿಸಿಟ್ಟು ಕಲ್ಲು ಕೊಡಬೇಕು.

2. ನಟ್ಟಿಗೆ ಪ್ಲಾಸ್ಟಿಕ್ ಟೋಪಿ ಇದ್ದರೆ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ ಎಬ್ಬಿಸಿ. ನಟ್ಟಿನ ಮೇಲಿನ ಮಣ್ಣು, ತುಕ್ಕು ಒರೆಸಿ. ಇದಕ್ಕೆ ನಮ್ಮ ಬನಹಟ್ಟಿಯ ಮಗ್ಗದ ನೂಲಿನ ವೇಸ್ಟ್ ಆದರೆ ಸಾಕು.

3. ಜಾಕ್ ಏರಿಸುವ ಮೊದಲೇ ಎಲ್ಲ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಗಾಲಿ ನೆಲಕ್ಕೆ ಊರಿದ್ದರೆ ತಿರುಗುವುದಿಲ್ಲ. ಗಾಡಿ ಜಾಕಿನ ಮೇಲಿದ್ದಾಗ ಜಗ್ಗಾಡಿದರೆ ಜಾಕ್ ಜಾರುತ್ತದೆ.

4. ಪಾನಾವನ್ನು ನಟ್ಟಿನ ಬುಡದ ತನಕ ತಳ್ಳಿ. ಒಂದು ಕೈಯಲ್ಲಿ ಬಾಕ್ಸಿನ ತಲೆಯನ್ನು ನೇರ ಹಿಡಿದು ಇನ್ನೊಂದು ಕೈಯಲ್ಲಿ ಹಿಡಿಕೆಯನ್ನು ನಿಧಾನ ಒತ್ತಿ. ಝಾಡಿಸಿ ಒದ್ದರೆ ಬಾಕ್ಸು ವಾಲುತ್ತದೆ, ಮೂಲೆ ಸವೆಯುತ್ತದೆ.

5. ಕರಿಮಣ್ಣಿನ ಹೊಲದಲ್ಲಿ ಜಾಕಿನ ಕೆಳಗೆ ಅಗಲ ಹಲಗೆ ಬೇಕೇ ಬೇಕು. ಗಾಡಿ ಏರಿದ ಮೇಲೆ ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಡಿ. ತುಂಬಿದ ಟ್ರೇಲರಿನ ಕೆಳಗೆ ಯಾವ ಕಾರಣಕ್ಕೂ ಮೈ ಹಾಕಬೇಡಿ.

6. ಬಿಚ್ಚಿದ ನಟ್ಟುಗಳನ್ನು ಮಣ್ಣಿನಲ್ಲಿ ಇಡದೆ ಒಂದು ಬಟ್ಟೆಯ ಮೇಲಿಡಿ. ಎಳೆಗೆ ಹತ್ತಿದ ಒಂದು ಹರಳು ಸಾಕು, ಬೋಲ್ಟು ಕೆಡಲು.

ರಿಂಗ್ ಇರುವ ಲಾರಿ ಮಾದರಿಯ ರಿಮ್ಮಾದರೆ ನಟ್ಟಿಗೆ ಕೈ ಹಚ್ಚುವ ಮೊದಲು ಹವಾ ಪೂರ್ತಿ ಬಿಡಿ. ರಿಂಗ್ ಹಾರಿ ಬಂದರೆ ಎದುರಿಗಿದ್ದವರು ಉಳಿಯುವುದು ಕಷ್ಟ.

ನಟ್ಟು ಬಾರದಿದ್ದರೆ

ಮೊದಲು ಬೋಲ್ಟಿನ ತುದಿ ನೋಡಿ. ಕೆಲವು ಹಳೆಯ ಜೀಪು, ಲಾರಿಗಳ ಎಡಗಡೆ ಗಾಲಿಗೆ ಎಡ ಎಳೆ ಇರುತ್ತದೆ. ಅಂಥ ಬೋಲ್ಟಿನ ತುದಿಯಲ್ಲಿ 'ಎಲ್' ಅಕ್ಷರ ಕೊರೆದಿರುವುದುಂಟು. ಅಲ್ಲಿ ಬಿಚ್ಚಲು ಉಲ್ಟಾ ತಿರುಗಿಸಬೇಕು. ಗೊತ್ತಿಲ್ಲದೆ ಜಗ್ಗಿದಷ್ಟೂ ಅದು ಬಿಗಿಯುತ್ತಲೇ ಹೋಗುತ್ತದೆ.

ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ, ಇಲ್ಲವೇ ಡೀಸೆಲ್, ಎಳೆಗೆ ನಾಲ್ಕು ಹನಿ ಬಿಟ್ಟು ಅರ್ಧ ತಾಸು ಕಾಯಿರಿ. ಆಮೇಲೆ ಮೊದಲು ಒಂದಿಷ್ಟು ಬಿಗಿಯುವ ಕಡೆ ಒತ್ತಿ, ನಂತರ ಬಿಚ್ಚುವ ಕಡೆ ಒತ್ತಿ. ತುಕ್ಕಿನ ಹಿಡಿತ ಬಿಡುತ್ತದೆ. ಪಾನಾದ ಹಿಡಿಕೆಗೆ ಪೈಪು ಹಾಕಿ ಉದ್ದ ಮಾಡಿಕೊಳ್ಳಬಹುದು. ಆದರೆ ಇದು ಬಿಚ್ಚಲಿಕ್ಕೆ ಮಾತ್ರ.

ಉಳಿ ಇಟ್ಟು ಹೊಡೆಯಬೇಡಿ. ಟಾಯರ್ ಇರುವ ಗಾಲಿಗೆ ಗ್ಯಾಸಿನ ಬೆಂಕಿಯನ್ನಂತೂ ಹಿಡಿಯಲೇಬೇಡಿ. ಕಾದ ರಬ್ಬರಿನಿಂದ ಒಳಗೆ ಅನಿಲ ಹುಟ್ಟಿ ಟಾಯರ್ ಬಾಂಬಿನಂತೆ ಸಿಡಿಯಬಹುದು. ಮೂಲೆ ಪೂರ್ತಿ ಸವೆದ ನಟ್ಟನ್ನು ಬಿಚ್ಚಲು ಒಳಗೆ ತಿರುವು ಹಲ್ಲಿರುವ ಬಾಕ್ಸು ಗ್ಯಾರೇಜಿನಲ್ಲಿ ಇರುತ್ತದೆ. ಹಾಗೆ ತೆಗೆದ ನಟ್ಟನ್ನು ಮತ್ತೆ ಹಾಕದೆ ಗುಜರಿಗೆ ಹಾಕಿ.

ಖಂಡೆಪೂಜೆಯ ಬಣ್ಣ

ಕಬ್ಬಿನ ಹಂಗಾಮಿಗೆ ಮುಂಚೆ ಖಂಡೆಪೂಜೆಗೆ ಟ್ರೇಲರಿಗೆ ಬಣ್ಣ ಬಳಿಯುವುದು ನಮ್ಮ ಕಡೆ ರೂಢಿ. ರಿಮ್ಮಿಗೂ ದಪ್ಪಗೆ ಬಳಿಯುತ್ತಾರೆ. ಚಂದ ಕಾಣುತ್ತದೆ ನಿಜ. ಆದರೆ ನಟ್ಟಿನ ಸೀಟಿಗೆ, ರಿಮ್ಮು ಹಬ್ಬಿಗೆ ಕೂರುವ ಮುಖಕ್ಕೆ ಬಣ್ಣ ಹತ್ತಬಾರದು. ಭಾರ ಬಿದ್ದು ಗಾಲಿ ತಿರುಗಿದಾಗ ಆ ಬಣ್ಣ ಪುಡಿಯಾಗುತ್ತದೆ. ಬಣ್ಣದ ಪದರ ಎಷ್ಟು ದಪ್ಪ ಇತ್ತೋ ಅಷ್ಟು ಬಿಗಿತ ಹೋಗುತ್ತದೆ. ನೀವು ನಟ್ಟು ಮುಟ್ಟದಿದ್ದರೂ ಸಡಿಲಾಗುತ್ತದೆ. ಬಣ್ಣ ಬಳಿದಿದ್ದರೆ ಈ ಎರಡು ಕಡೆ ತಂತಿ ಬ್ರಶ್ಶಿನಿಂದ ಕೆರೆದು ತೆಗೆಯಿರಿ. ಅಲಾಯ್ ಗಾಲಿಯ ಸೀಟನ್ನು ಮಾತ್ರ ಬಟ್ಟೆಯಿಂದಲೇ ಒರೆಸಿ. ಅದು ಮೆತ್ತನೆಯ ಲೋಹ, ಕೆರೆದರೆ ಕೆಡುತ್ತದೆ.

ತಿರುಗಿ ಹಾಕುವಾಗ

ಬಿಚ್ಚುವಾಗ ಹಾಕಿದ ಎಣ್ಣೆಯನ್ನು ಎಳೆಯಿಂದ, ಸೀಟಿನಿಂದ ಒರೆಸಿ ಬಿಡಿ. ಎಣ್ಣೆ ಇದ್ದರೆ ಅದೇ ಬಲಕ್ಕೆ ಬೋಲ್ಟು ಹೆಚ್ಚು ಜಗ್ಗುತ್ತದೆ, ಕಡಿಯಲೂಬಹುದು. ಎಲ್ಲ ನಟ್ಟುಗಳನ್ನೂ ಮೊದಲು ಬೆರಳಿನಿಂದ ತಿರುಗಿಸಿ ಕೂರಿಸಿ. ಆಮೇಲೆ ಪಾನಾದಿಂದ ಎದುರುಬದುರು ಬಿಗಿಯುತ್ತ ಹೋಗಿ. ಗಾಡಿ ಇಳಿಸಿದ ಮೇಲೆ ಕೊನೆಯ ಬಿಗಿತ ಕೊಡಿ.

ಎಷ್ಟು ಬಿಗಿಯಬೇಕು? ಸಣ್ಣ ಕಾರುಗಳಿಗೆ ಸುಮಾರು 8ರಿಂದ 11 ಕೆಜಿ-ಮೀಟರ್. ನಿಮ್ಮ ಗಾಡಿಯ ಪುಸ್ತಕದಲ್ಲಿ ಸರಿಯಾದ ಅಂಕಿ ಇರುತ್ತದೆ. ಹತ್ತು ಕೆಜಿ-ಮೀಟರ್ ಅಂದರೆ 25 ಸೆಂ.ಮೀ. ಉದ್ದದ ಪಾನಾದ ತುದಿಗೆ 40 ಕೆಜಿ ಒತ್ತಿದಷ್ಟು. ಅರವತ್ತು ಕೆಜಿಯ ಆಳು ಅರ್ಧ ಮೀಟರ್ ಪೈಪಿನ ತುದಿಗೆ ನಿಂತರೆ 30 ಆಯಿತು, ಅಂದರೆ ಮೂರು ಪಟ್ಟು! ಬೋಲ್ಟು ಜಗ್ಗಿ ಹೋಗುವುದು, ಮುಂದಿನ ಸಲ ನಟ್ಟು ಬಾರದೇ ಇರುವುದು ಇದರಿಂದಲೇ. ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಬಿಗಿತ ಇದಕ್ಕಿಂತ ಹೆಚ್ಚು ಬೇಕು, ಅದರ ಪುಸ್ತಕ ನೋಡಿ.

ಕಾರಿನ ನಟ್ಟುಗಳನ್ನು 50ರಿಂದ 100 ಕಿ.ಮೀ. ಓಡಿದ ಮೇಲೆ, ಟ್ರೇಲರಿನದನ್ನು ಮೊದಲ ಟ್ರಿಪ್ ಮುಗಿದ ಕೂಡಲೇ ಮತ್ತೆ ನೋಡಿ. ಕಾರ್ಖಾನೆಯ ಮುಂದೆ ಸಾಲಿನಲ್ಲಿ ಹೇಗೂ ತಾಸುಗಟ್ಟಲೆ ನಿಂತಿರುತ್ತೇವೆ. ಒಂದು ಸುತ್ತು ಹಾಕಿ ನಟ್ಟು ನೋಡಲು ಹತ್ತು ನಿಮಿಷ ಸಾಕು. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಹೊರಟಿದ್ದರೆ ಅಥವಾ ಸುತ್ತ ಲೋಹ ಮಿನುಗುತ್ತಿದ್ದರೆ ಅದು ಸಡಿಲಾಗಿದೆ ಎಂದೇ ಲೆಕ್ಕ. ರಿಮ್ಮಿನ ತೂತು ಮೊಟ್ಟೆಯಾಕಾರ ಆಗಿದ್ದರೆ ಬಿಗಿದು ಪ್ರಯೋಜನವಿಲ್ಲ, ರಿಮ್ಮು ಬದಲಿಸಬೇಕು.

ತುಂಬಿದ ಟ್ರೇಲರಿನ ಹಿಂದೆ ಯಾರದೋ ಮಕ್ಕಳು ಸೈಕಲ್ ಮೇಲೆ, ಯಾರೋ ಬೈಕ್ ಮೇಲೆ ಬರುತ್ತಿರುತ್ತಾರೆ. ನಮ್ಮ ಒಂದು ನಟ್ಟಿನ ಮೇಲೆ ಅವರ ಜೀವವೂ ಇದೆ. ಗಟ್ಟಿಯಾಗಿ ಹಿಡಿದ ನಟ್ಟನ್ನು ಕೆಡಿಸದೆ ಬಿಚ್ಚುವ ಬೇರೆ ಉಪಾಯ ನಿಮ್ಮಲ್ಲಿದ್ದರೆ ಪತ್ರಿಕೆಗೆ ಬರೆದು ತಿಳಿಸಿ.